ಸಾಕೆಟ್‌ಗೆ ಸಿಕ್ಕಿಸುವ ಸೌರಫಲಕ: ಯೂಟಾ ಕಾಯ್ದೆಯ ಹಿನ್ನೆಲೆ

ಬಾಲ್ಕನಿಯ ಕಂಬಿಗೆ ಬಿಗಿದ ಒಂದೆರಡು ಸೌರಫಲಕ, ಬೆನ್ನಿಗೆ ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಒಂದು ಪುಟ್ಟ ಇನ್ವರ್ಟರ್, ಅಲ್ಲಿಂದ ಗೋಡೆಯ ಸಾಕೆಟ್‌ವರೆಗೆ ಒಂದು ವೈರ್. ಇಷ್ಟೇ ಇರುವ ಈ ಸಲಕರಣೆ ಫ್ರಿಜ್‌ನಂತೆ ಮನೆಬಳಕೆಯ ವಸ್ತುವೋ ಅಥವಾ ವಿದ್ಯುತ್ ಉತ್ಪಾದನಾ ಘಟಕವೋ ಎಂಬ ಪ್ರಶ್ನೆಯನ್ನು ಅಮೆರಿಕದ ರಾಜ್ಯಗಳ ಪೈಕಿ ಮೊದಲು ಕಾಯ್ದೆಯ ಮೂಲಕ ಬಗೆಹರಿಸಿದ್ದು ಯೂಟಾ.

ಅಮೆರಿಕದ ಹಳೆಯ ನಿಯಮಗಳನ್ನು ಚಾವಣಿಯ ಮೇಲಿನ ದೊಡ್ಡ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿತ್ತು. ಗ್ರಿಡ್‌ಗೆ ಜೋಡಣೆಯಾಗುವ ಘಟಕ ಎಷ್ಟೇ ಚಿಕ್ಕದಿರಲಿ, ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ ಒಪ್ಪಂದ ಮಾಡಿಕೊಳ್ಳಬೇಕಾಗುತ್ತಿತ್ತು. ಸ್ವಂತ ಚಾವಣಿಯೇ ಇಲ್ಲದ ಬಾಡಿಗೆದಾರರಿಗೆ ಆ ದಾರಿ ಮುಚ್ಚಿದಂತೆಯೇ ಇತ್ತು. ಇತ್ತ ಜರ್ಮನಿಯಲ್ಲಿ ಬಾಲ್ಕನಿ ಸೌರಘಟಕಗಳು ಆಗಲೇ ಮನೆಮಾತಾಗಿದ್ದವು. 2024ರಲ್ಲಿ ಆ ದೇಶ ಇನ್ವರ್ಟರ್ ಮಿತಿಯನ್ನು 600ರಿಂದ 800 ವ್ಯಾಟ್‌ಗೆ ಏರಿಸಿ, ನೋಂದಣಿಯನ್ನು ಸರಳಗೊಳಿಸಿ, ಬಾಡಿಗೆದಾರರ ಹಕ್ಕನ್ನೂ ಬಲಪಡಿಸಿತು.

ಯೂಟಾದ ರಿಪಬ್ಲಿಕನ್ ಶಾಸಕ, ವೃತ್ತಿಯಿಂದ ವೈದ್ಯರಾದ ರೇಮಂಡ್ ವಾರ್ಡ್ ಮಂಡಿಸಿದ ಮಸೂದೆಗೆ 2025ರಲ್ಲಿ ಸರ್ವಾನುಮತದ ಅಂಗೀಕಾರ ದೊರೆತು, ಗವರ್ನರ್ ಸ್ಪೆನ್ಸರ್ ಕಾಕ್ಸ್ ಮಾರ್ಚ್‌ನಲ್ಲಿ ಸಹಿ ಹಾಕಿದರು. 1,200 ವ್ಯಾಟ್ ಮೀರದ ಸಲಕರಣೆಗಳಿಗೆ ಒಪ್ಪಂದದಿಂದ ವಿನಾಯಿತಿ ಸಿಕ್ಕಿತು. ಪ್ರತಿಯಾಗಿ, ಗ್ರಿಡ್‌ಗೆ ಹರಿದುಹೋದ ಹೆಚ್ಚುವರಿ ವಿದ್ಯುತ್ತಿಗೆ ಬಿಲ್ಲಿನಲ್ಲಿ ಜಮೆ ಸಿಗುವುದಿಲ್ಲ, ಸಲಕರಣೆಯಿಂದಾಗುವ ಹಾನಿಗೆ ವಿದ್ಯುತ್ ಕಂಪನಿ ಹೊಣೆಯೂ ಅಲ್ಲ. ಈ ಕೊಡುಕೊಳ್ಳುವಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಆದರೆ ಸುರಕ್ಷತೆಯ ಆಕ್ಷೇಪಗಳನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ಕರೆಂಟ್ ಹೋದಾಗಲೂ ಫಲಕದಿಂದ ವಿದ್ಯುತ್ ಹರಿಯುತ್ತಿದ್ದರೆ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಸಂಚಕಾರ. ಆದ್ದರಿಂದ ಗ್ರಿಡ್ ನಿಂತೊಡನೆ ಇನ್ವರ್ಟರ್ ತಾನಾಗಿ ಸ್ಥಗಿತಗೊಳ್ಳಬೇಕೆಂದು ಕಾಯ್ದೆ ವಿಧಿಸುತ್ತದೆ. ಎರಡನೆಯ ಅಪಾಯ ಗೋಡೆಯೊಳಗಿನದು. ಅಮೆರಿಕದ 120 ವೋಲ್ಟ್‌ನಲ್ಲಿ 1,200 ವ್ಯಾಟ್ ಎಂದರೆ 10 ಆಂಪಿಯರ್. ಒಂದು ವೈರಿಗೆ, ಮಿತಿ ಮೀರಿದರೆ ವಿದ್ಯುತ್ ಕಡಿದುಹಾಕುವ 15 ಆಂಪಿಯರ್ ಬ್ರೇಕರ್ ಇದ್ದು, ಅದೇ ವೈರಿಗೆ ಫಲಕದಿಂದ ಇನ್ನೂ 10 ಆಂಪಿಯರ್ ಸೇರಿದರೆ, ಅದರಲ್ಲಿನ ಉಪಕರಣಗಳು ಒಟ್ಟು 25 ಆಂಪಿಯರ್ ಎಳೆಯಬಹುದು. ಬ್ರೇಕರ್‌ಗೆ ಕಾಣುವುದು ತನ್ನ ಮೂಲಕ ಹಾದುಹೋಗುವ 15 ಮಾತ್ರ, ಹಾಗಾಗಿ ವೈರ್ ಕಾದರೂ ಅದು ಟ್ರಿಪ್ ಆಗುವುದಿಲ್ಲ.

ಈ ತೊಡಕನ್ನು ಶಾಸಕರು ತಾವೇ ಬಿಡಿಸಲು ಹೋಗದೆ, ಸಲಕರಣೆಗೆ ಯುಎಲ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆಯ ಅಥವಾ ಅದಕ್ಕೆ ಸಮನಾದ ಸಂಸ್ಥೆಯ ಪ್ರಮಾಣಪತ್ರವಿರಬೇಕೆಂದು ವಿಧಿಸಿದರು. ಕಾಯ್ದೆ ಬಂದಾಗ ಇಂಥ ಇಡೀ ಸಲಕರಣೆಗೆಂದೇ ಸಿದ್ಧಪಡಿಸಿದ ಮಾನದಂಡ ಅಲ್ಲಿರಲಿಲ್ಲವಾದ್ದರಿಂದ, ಅನುಮತಿ ಮೊದಲು ಬಂತು, ಅದಕ್ಕೆ ತಕ್ಕ ಪರೀಕ್ಷೆ ಹಿಂದಿನಿಂದ ಬರಬೇಕಾಯಿತು.