ದೇವರ ಕೆರೆಗೆ ನೀರು ಬರುವುದು ಗುಡ್ಡೆಯಿಂದ

ಕಾಸರಗೋಡಿನ ಕುಂಬಳೆ ಹತ್ತಿರದ ಅನಂತಪುರಕ್ಕೆ ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರೆ ಮೊದಲು ಬರುವ ಪ್ರಶ್ನೆ ಇದು: ಸುತ್ತ ಒಣಗಿದ ಮುರಕಲ್ಲಿನ (ಲ್ಯಾಟರೈಟ್) ಪದವು, ಅಂದರೆ ಗುಡ್ಡೆಯ ಮೇಲಿನ ಬಟ್ಟಬಯಲು; ನಡುವಿನ ಈ ದೇವಸ್ಥಾನದ ಕೆರೆಗೆ ನೀರು ಎಲ್ಲಿಂದ?

ನಮ್ಮ ಕಡೆಯ ಯಾವುದಾದರೂ ಹಳೆಯ ಕಲ್ಲಿನ ಕೋರೆಯ ಗೋಡೆ ನೋಡಿ. ಮೇಲೆ ತೂತು ತೂತಾದ ಗಟ್ಟಿ ಮುರಕಲ್ಲು. ಕೆಳಗಿಳಿದಂತೆ ಕಲ್ಲು ಮೆದುವಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಅದರಡಿಯಲ್ಲಿ ನುಣ್ಣನೆಯ ಶೇಡಿಮಣ್ಣು. ಮಳೆನೀರು ತೂತುಗಳಲ್ಲಿ ಸಲೀಸಾಗಿ ಇಳಿದು ಈ ಮಣ್ಣಿನ ಮೇಲೆ ನಿಲ್ಲುತ್ತದೆ. ಆಮೇಲೆ ಅಡ್ಡಕ್ಕೆ ಹರಿದು ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಎರಡೂ ಸೇರುವ ಗೆರೆಗೆ ಬೆರಳಿಟ್ಟರೆ ಒದ್ದೆಯಾಗುತ್ತದೆ. ನಮ್ಮ ಹಿರಿಯರು ಗುಡ್ಡೆಗೆ ಸುರಂಗ ಕೊರೆದದ್ದೂ ಈ ನೀರಿಗಾಗಿಯೇ.

ಕಾಸರಗೋಡಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಅದನ್ನು ಸ್ವಲ್ಪ ಹೊತ್ತು ಹಿಡಿದಿಡುವುದು ಪದವಿನ ಮೇಲಿನ ಪಳ್ಳಗಳು, ಅಂದರೆ ಮಳೆನೀರು ನಿಲ್ಲುವ ತಗ್ಗುಗಳು. ಬೇಸಿಗೆಯಲ್ಲಿ ನೋಡಿದರೆ ಬರೀ ಕಪ್ಪು ಬಂಡೆ, ಹಾಗಾಗಿ ಪಾಳುಭೂಮಿ ಎಂದು ಬರೆದುಬಿಡುತ್ತೇವೆ. ಆಗಸ್ಟಿನಲ್ಲಿ ಬನ್ನಿ, ಮೊಣಕಾಲುದ್ದ ನೀರು, ಅಂಚಿಗೆಲ್ಲ ನೀಲಿ ಹೂ. ಅದು ಅಪ್ಪಟ ಜೌಗುಭೂಮಿ.

ಅನಂತಪುರದ ಕೆರೆಯ ಮೂಲೆಯಲ್ಲಿ ಒಂದು ಗುಹೆಯಿದೆ. ಅನಂತಪದ್ಮನಾಭ ಅದರ ಮೂಲಕವೇ ತಿರುವನಂತಪುರಕ್ಕೆ ಹೋದ ಎಂಬುದು ಊರವರ ನಂಬಿಕೆ. ನಾನೂ ಕೈಮುಗಿಯುವವನೇ. ಮುರಕಲ್ಲಿನಡಿಯ ಮೆದು ಮಣ್ಣು ನೀರಿನ ಜೊತೆ ಕೊಚ್ಚಿಹೋಗಿ ಪೊಳ್ಳುದಾರಿಗಳು ಆಗುವುದುಂಟು. ಕೆರೆಗೆ ನೆಲದೊಳಗೆ ದೂರದ ನಂಟಿದೆ ಎಂದು ಆ ಕತೆ ಕಟ್ಟಿದವರಿಗೆ ಹೊಳೆದಿರಬೇಕು ಅಂತ ನನಗನಿಸುತ್ತದೆ.

ನಂಬಿಕೆ ಉಳಿಸಿದ ನೀರು ಸಣ್ಣದಲ್ಲ. ನಾಗಬನಕ್ಕೆ ಕತ್ತಿ ಹಾಕುವುದಿಲ್ಲ, ಹಾಗಾಗಿ ಮಾರ್ಚಿನಲ್ಲೂ ಅಲ್ಲಿನ ತರಗೆಲೆಯಡಿ ತಂಪಿರುತ್ತದೆ. ದೇವರ ಕೆರೆಗೆ ಯಾರೂ ಉಗುಳುವುದಿಲ್ಲ. ನನ್ನ ಸಂಕಟ ಏನೆಂದರೆ, ಈ ಭಯಭಕ್ತಿ ಆವರಣದ ಗೋಡೆಗೇ ನಿಂತುಬಿಡುತ್ತದೆ. ಕೆರೆಗೆ ನೀರು ಕೊಡುವ ಗುಡ್ಡೆಯನ್ನು ಶೇಡಿಮಣ್ಣು ಕಾಣುವವರೆಗೆ ಕೆತ್ತುತ್ತೇವೆ. ಆಚೆ ಈಚೆ ಬೋರ್‌ವೆಲ್ ಇಳಿಸುತ್ತೇವೆ. ಆಮೇಲೆ ಕೆರೆ ಬತ್ತಿತು ಅಂತ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸುತ್ತೇವೆ.

ಜೀರ್ಣೋದ್ಧಾರದ ಸಮಿತಿಯವರು ಕೇಳಿದರೆ ನಾನು ಹೇಳುವುದು ಇಷ್ಟು. ಕೆರೆಯ ತಳಕ್ಕೆ ಕಾಂಕ್ರೀಟ್ ಬೇಡ, ಒರತೆಯ ಬಾಯಿ ಮುಚ್ಚುತ್ತದೆ. ಬದಿಯ ಕಲ್ಲುಗಳ ಸಂದಿಗೆ ಸಿಮೆಂಟ್ ತುಂಬಬೇಡಿ. ಬ್ರಹ್ಮಕಲಶದ ಬಜೆಟ್ಟಿನಲ್ಲಿ ಗುಡ್ಡೆಯ ಮೇಲಿನ ಪಳ್ಳಕ್ಕೂ ಒಂದಿಷ್ಟು ತೆಗೆದಿಡಿ. ಆ ಜಾಗ ಯಾರದ್ದೆಂದು ಮೊದಲು ವಿಚಾರಿಸಿ, ಕೋರೆಗೆ ಕೊಡುವ ಮುಂಚೆಯೇ ಅವರ ಜೊತೆ ಕೂತು ಮಾತಾಡಿ.