ಗುಣಿಯ ತಳಕ್ಕೆ ಬೋನ್ ಮೀಲ್ ಎಷ್ಟು ಹಾಕಬೇಕು?

ಪ್ರಶ್ನೆ: ವಸಂತದಲ್ಲಿ ಮನೆಯ ಮುಂದೆ ಹೂವು ತುಂಬಿರಲಿ ಎಂದು ಈ ಶರತ್ಕಾಲದಲ್ಲಿ ಟ್ಯುಲಿಪ್, ಡ್ಯಾಫೊಡಿಲ್ ಗೆಡ್ಡೆ ತಂದಿದ್ದೇನೆ. ಒಂದೊಂದು ಗುಣಿಗೂ ಬೋನ್ ಮೀಲ್ (ಮೂಳೆ ಪುಡಿಯ ಗೊಬ್ಬರ) ಎಷ್ಟು ಚಮಚ ಹಾಕಬೇಕು?

ಉತ್ತರ: ಒಂದು ಚಮಚವೂ ಬೇಡ.

ಮರಗಳ ಎಲೆ ಉದುರುವ ಹೊತ್ತಿಗೆ ಪ್ರತಿ ವರ್ಷವೂ ಇದೇ ಪ್ರಶ್ನೆ ಬರುತ್ತದೆ. ಒಂದು ಚಮಚವೋ ಎರಡೋ ಎಂದು ಕೆಲವರು, ಮಣ್ಣಿಗೆ ಬೆರೆಸಬೇಕೋ ಗೆಡ್ಡೆಯ ಅಡಿಗೇ ಸುರಿಯಬೇಕೋ ಎಂದು ಇನ್ನು ಕೆಲವರು. ಹಾಕಲೇಬೇಕೇ ಎಂದು ಕೇಳುವವರು ಮಾತ್ರ ಅಪರೂಪ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ತಂದಿರುವ ಟ್ಯುಲಿಪ್ ಗೆಡ್ಡೆಗಳಲ್ಲಿ ಒಂದನ್ನು ಪಾಠಕ್ಕೆಂದು ಬಿಟ್ಟುಕೊಡಿ. ಈರುಳ್ಳಿ ಸೀಳಿದ ಹಾಗೆ ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ದಪ್ಪನೆಯ ಬಿಳಿ ಪದರಗಳ ನಡುವೆ, ತಟ್ಟೆಯಂಥ ಗಟ್ಟಿ ಬುಡದ ಮೇಲೆ, ಎಳೆ ಹಳದಿ ಬಣ್ಣದ ಮೊಳಕೆಯೊಂದು ಕುಳಿತಿರುತ್ತದೆ. ಅದರ ಎಲೆಗಳನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿ: ಆರು ದಳ, ಆರು ಕೇಸರ, ನಡುವೆ ಮೂರು ಏಣಿನ ಅಂಡಾಶಯ. ಮುಂದಿನ ವಸಂತದಲ್ಲಿ ಅರಳಬೇಕಾದ ಹೂವು ಅದೇ! ಟ್ಯುಲಿಪ್‌ನಲ್ಲಿ ಅದು ಬೇಸಿಗೆಯಲ್ಲೇ ರೂಪುಗೊಂಡಿರುತ್ತದೆ, ಡ್ಯಾಫೊಡಿಲ್‌ನಲ್ಲಿ ಇನ್ನೂ ಬೇಗ. ಅರಳುವ ತನಕ ಬೇಕಾಗುವ ಬುತ್ತಿ ಸುತ್ತಲಿನ ಬಿಳಿ ಪದರಗಳಲ್ಲೇ ಇದೆ. ಹೂವು ಒಳಗೆ ಕೂತಾಗಿದೆ, ಊಟವೂ ಜೊತೆಗಿದೆ. ಗುಣಿಯ ತಳಕ್ಕೆ ಸುರಿದ ಪುಡಿ ಈ ಹೂವಿಗೆ ಏನನ್ನು ಸೇರಿಸಬೇಕು?

ಬೇರು ಬೆಳೆಯಲು ಬೋನ್ ಮೀಲ್‌ನಲ್ಲಿರುವ ರಂಜಕ (ಫಾಸ್ಫರಸ್) ಬೇಡವೇ ಎಂದು ಕೇಳುತ್ತೀರಿ. ಬೇಕು, ಆದರೆ ಎಷ್ಟೋ ತೋಟಗಳ ಮಣ್ಣಿನಲ್ಲಿ ಸಾಕಷ್ಟು ರಂಜಕ ಈಗಾಗಲೇ ಇರುತ್ತದೆ. ಇದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಮಣ್ಣು ಪರೀಕ್ಷೆ. ಬೋನ್ ಮೀಲ್‌ನಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಅದು ಕರಗಲು ಆಮ್ಲೀಯ ಮಣ್ಣು ಬೇಕು. ಪಿಎಚ್ 7 ದಾಟಿದ, ಅಂದರೆ ಕ್ಷಾರೀಯ ಮಣ್ಣಿನಲ್ಲಿ ಅದು ಹೆಚ್ಚುಕಡಿಮೆ ಹಾಕಿದ ಹಾಗೇ ಬಿದ್ದಿರುತ್ತದೆ. ಇದ್ದ ರಂಜಕದ ಮೇಲೆ ಮತ್ತೆ ರಂಜಕ ಸುರಿಯುತ್ತ ಹೋದರೆ ಗಿಡಕ್ಕೆ ಕಬ್ಬಿಣ, ಸತು ಸಿಗುವುದು ಕಷ್ಟವಾಗುತ್ತದೆ. ಬೇರಿಗೆ ಆಹಾರ ಒದಗಿಸುವ ಶಿಲೀಂಧ್ರಗಳೂ ಹಿಂಜರಿಯುತ್ತವೆ.

ಅದಕ್ಕಿಂತ ಬೇಗ ಕಣ್ಣಿಗೆ ಬೀಳುವ ನಷ್ಟ ಬೇರೆಯೇ ಇದೆ. ಬೋನ್ ಮೀಲ್ ಎಂದರೆ ಮೂಳೆಯ ಪುಡಿಯಲ್ಲವೇ. ನಾಯಿಯ ಮೂಗಿಗೆ ಆ ವಾಸನೆ ತಪ್ಪುವುದಿಲ್ಲ. ಸಂಜೆ ನೆಟ್ಟ ಪಾತಿ ಬೆಳಗಾಗುವಷ್ಟರಲ್ಲಿ ಕೆದರಿ, ಗೆಡ್ಡೆಗಳು ಅಂಗಳದಲ್ಲಿ ಚೆಲ್ಲಿದ್ದರೆ ಬೈಯಬೇಕಾದ್ದು ನಾಯಿಯನ್ನಲ್ಲ.

‘ನಾನು ಯಾವಾಗಲೂ ಹಾಕುತ್ತೇನೆ, ಹೂವು ಚೆನ್ನಾಗಿಯೇ ಬರುತ್ತದೆ’ ಎನ್ನುವುದು ಕೊನೆಯ ವಾದ. ಬರಲೇಬೇಕು, ಹೂವು ಮೊದಲೇ ಒಳಗಿತ್ತಲ್ಲ! ಒಂದೇ ಚೀಲದ ಇಪ್ಪತ್ತು ಗೆಡ್ಡೆಗಳಲ್ಲಿ ಹತ್ತಕ್ಕೆ ಹಾಕಿ, ಹತ್ತಕ್ಕೆ ಬಿಡಿ, ಎರಡನ್ನೂ ಅಕ್ಕಪಕ್ಕ ನೆಡಿ. ಏಪ್ರಿಲ್‌ನಲ್ಲಿ ಯಾವುದು ಯಾವುದೆಂದು ಗುರುತಿಸಲು ಕಡ್ಡಿ ನೆಟ್ಟಿಡಿ, ಇಲ್ಲವಾದರೆ ನಿಮಗೇ ತಿಳಿಯುವುದಿಲ್ಲ.

ಬೋನ್ ಮೀಲ್‌ಗೆ ಕೊಡುವ ದುಡ್ಡನ್ನು ಗೆಡ್ಡೆಯ ಗಾತ್ರಕ್ಕೆ ಕೊಡಿ. ಟ್ಯುಲಿಪ್ ಗೆಡ್ಡೆಯನ್ನು ಸುತ್ತಳತೆಯ ಮೇಲೆ ವಿಂಗಡಿಸುತ್ತಾರೆ, 12 ಸೆಂ.ಮೀ. ಅಥವಾ ಅದಕ್ಕಿಂತ ದಪ್ಪದ್ದು ಮೇಲ್ದರ್ಜೆಯದು. ಗೆಡ್ಡೆ ಕೈಗೆ ಭಾರವೆನಿಸಬೇಕು, ಬುಡ ಗಟ್ಟಿಯಾಗಿರಬೇಕು. ಹೊರಸಿಪ್ಪೆ ಸುಲಿದಿದ್ದರೆ ಚಿಂತೆಯಿಲ್ಲ, ಒತ್ತಿದಾಗ ಮೆತ್ತಗಿದ್ದರೆ ಬೇಡ. ನೆಡುವ ತನಕ ಹಣ್ಣುಗಳ ಜೊತೆ ಇಡಬೇಡಿ. ಮಾಗುವ ಸೇಬು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನೇ ಕೊಲ್ಲುತ್ತದೆ. ಆಮೇಲೆ ಬರೀ ಎಲೆ ಬರುತ್ತದೆ, ಬೈಗುಳ ಮಾತ್ರ ಮಣ್ಣಿಗೆ.

ನೆಡುವ ಕೆಲಸ ಸರಳ. ಮಣ್ಣಿನ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯಲಿ, ನೆಲ ಹೆಪ್ಪುಗಟ್ಟಲು ಇನ್ನೂ ಆರು ವಾರವಾದರೂ ಇರಲಿ. ಆಳ ಗೆಡ್ಡೆಯ ಎತ್ತರದ ಮೂರರಷ್ಟು: ಟ್ಯುಲಿಪ್, ಡ್ಯಾಫೊಡಿಲ್‌ಗೆ 15ರಿಂದ 20 ಸೆಂ.ಮೀ., ಪುಟ್ಟ ಗೆಡ್ಡೆಯ ಕ್ರೋಕಸ್‌ಗೆ 8ರಿಂದ 10. ಚೂಪು ತುದಿ ಮೇಲಕ್ಕೆ. ಪಕ್ಕಕ್ಕೆ ವಾಲಿದರೂ ಮೊಳಕೆ ತಾನೇ ತಿರುಗಿಕೊಂಡು ಮೇಲೆ ಬರುತ್ತದೆ. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ, ಆ ತೇವದಲ್ಲಿ ಬೇರು ಹೊರಡುತ್ತದೆ. ಆದರೆ ಮಳೆ ಬಂದು ಒಂದು ಗಂಟೆಯಾದರೂ ನೀರು ಇಂಗದ ಜಾಗದಲ್ಲಿ ನೆಡಲೇಬೇಡಿ. ನೆಟ್ಟ ಗೆಡ್ಡೆ ಹಾಳಾಗುವುದು ಚಳಿಗಿಂತ ಹೆಚ್ಚಾಗಿ ಕೊಳೆತು. ಅಂಥ ಕಡೆ ಪಾತಿಯನ್ನು 15 ಸೆಂ.ಮೀ. ಎತ್ತರಿಸಿ.

ಮನೆಯ ಮುಂದಿನ ನೋಟವೇ ಗುರಿಯಾದರೆ, ಕಾಲುದಾರಿಯ ಅಂಚಿಗೆ ಒಂದೊಂದೇ ಗೆಡ್ಡೆಯನ್ನು ಸಾಲಾಗಿ ನೆಡುವ ಅಭ್ಯಾಸ ಬಿಡಿ. ಬೀದಿಯಿಂದ ನೋಡುವವರಿಗೆ ಅದು ಹಲ್ಲು ಉದುರಿದ ಬಾಚಣಿಗೆಯಂತೆ ಕಾಣುತ್ತದೆ. ಹದಿನೈದು ಗೆಡ್ಡೆಯಿದ್ದರೆ ಅಷ್ಟನ್ನೂ ಮೆಟ್ಟಿಲ ಪಕ್ಕದ ಒಂದೇ ಅಗಲವಾದ ಗುಣಿಯಲ್ಲಿ, 10–12 ಸೆಂ.ಮೀ. ಅಂತರದಲ್ಲಿ, ಒಂದೇ ಬಣ್ಣದ್ದು ನೆಡಿ. ಅದು ರಸ್ತೆಯಾಚೆಗೂ ಕಾಣುತ್ತದೆ.

ಗೊಬ್ಬರವೇ ಬೇಡವೇ? ಮರುವರ್ಷದ ಹೂವಿಗೆ ಬೇಕು. ಮೊಳಕೆ ನೆಲದಿಂದ ಎರಡು ಬೆರಳು ಮೇಲೆ ಬಂದಾಗ ಸಾರಜನಕವೂ ಇರುವ ಸಾಮಾನ್ಯ ಗೊಬ್ಬರವನ್ನು ಮೇಲ್ಮಣ್ಣಿಗೆ ತೆಳುವಾಗಿ ಉದುರಿಸಿದರೆ ಸಾಕು. ಹೂವು ಬಾಡಿದ ಮೇಲೆ ಕಾಯಿ ಕಟ್ಟುವ ಮೊದಲೇ ತಲೆ ಚಿವುಟಿ, ಎಲೆಗಳನ್ನು ಮುಟ್ಟಬೇಡಿ. ಮುಂದಿನ ವರ್ಷದ ಬುತ್ತಿ ಕಟ್ಟುವುದು ಆ ಎಲೆಗಳೇ. ಅವು ಹಳದಿಯಾಗಲು ಸುಮಾರು ಆರು ವಾರ ಬೇಕು. ಚೆಂದ ಕಾಣುವುದಿಲ್ಲವೆಂದು ಜಡೆ ಹೆಣೆಯುವುದೂ ಬೇಡ, ಬಿಸಿಲು ಬೀಳುವ ಮೈ ಅಷ್ಟು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಡ್ಯಾಫೊಡಿಲ್ ವರ್ಷ ವರ್ಷ ಹೆಚ್ಚುತ್ತದೆ, ಟ್ಯುಲಿಪ್ ಮಾತ್ರ ಕ್ಷೀಣಿಸುತ್ತದೆ. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಡ್ಯಾಫೊಡಿಲ್ ಗೆಡ್ಡೆ ಅದೇ ಉಳಿದು ಪಕ್ಕದಲ್ಲಿ ಮರಿ ಹಾಕುತ್ತದೆ. ಅದರಲ್ಲಿ ಲೈಕೊರಿನ್ ಎಂಬ ವಿಷವಿರುವುದರಿಂದ ಅಳಿಲು, ಇಲಿ ಹತ್ತಿರ ಬರುವುದಿಲ್ಲ. ಟ್ಯುಲಿಪ್‌ನ ತಾಯಿಗೆಡ್ಡೆ ಹೂವು ಕೊಟ್ಟ ಮೇಲೆ ಕರಗಿಹೋಗುತ್ತದೆ, ಅದರ ಜಾಗಕ್ಕೆ ಮರಿಗಳು ಬರುತ್ತವೆ. ಮರಿ ದಪ್ಪವಾಗದಿದ್ದರೆ ಮರುವರ್ಷ ಒಂದೇ ಒಂದು ಅಗಲ ಎಲೆ, ಹೂವಿಲ್ಲ. ಟ್ಯುಲಿಪ್‌ನ ತವರು ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿ ಬೇಸಿಗೆಯೆಂದರೆ ಬಿಸಿಲು ಮತ್ತು ಒಣನೆಲ. ನಾವೋ ಅದೇ ಪಾತಿಗೆ ಬೇಸಿಗೆಯ ಹೂಗಿಡ ಹಾಕಿ ದಿನಾ ನೀರು ಹನಿಸುತ್ತೇವೆ.

ಬೇಸಿಗೆಯಲ್ಲಿ ನೀರು ತಾಗದ ಮೂಲೆಯಿದ್ದರೆ ಅಲ್ಲಿ ಡಾರ್ವಿನ್ ಹೈಬ್ರಿಡ್ ತಳಿ ನೆಡಿ, ಕೆಲವು ವರ್ಷ ಬಾಳುತ್ತದೆ. ಟ್ಯುಲಿಪಾ ಟಾರ್ಡಾದಂಥ ಗಿಡ್ಡ ಕಾಡುಜಾತಿಯಾದರೆ ತಾನೇ ಹರಡಿಕೊಳ್ಳುತ್ತದೆ. ಉಳಿದ ಟ್ಯುಲಿಪ್‌ಗಳನ್ನು ಒಂದು ವಸಂತದ ಹೂವೆಂದೇ ಲೆಕ್ಕಹಾಕಿ, ಹೂವು ಮುಗಿದಾಗ ಕಿತ್ತು ಆ ಜಾಗ ಬೇರೆ ಗಿಡಕ್ಕೆ ಬಿಡಿ.