ಆರಾಮಾದ ಮೇಲೇ ತೆಗೆಸಬೇಕಾದ ಸ್ಟೆಂಟ್

"ಈಗ ಆರಾಮ ಅದೀನ್ರಿ ಸರ, ಮತ್ಯಾಕ್ರಿ ಎಂಡೋಸ್ಕೋಪಿ?" ಫೋನಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ.

ಮೇದೋಜೀರಕ ಗ್ರಂಥಿಗೆ ಬಾವು ಬಂದು, ಅದರ ಸುತ್ತ ದ್ರವ ತುಂಬಿಕೊಂಡವರಿಗೆ ಎಂಡೋಸ್ಕೋಪಿಯಲ್ಲೇ ಜಠರದ ಗೋಡೆಯಿಂದ ದಾರಿ ಮಾಡಿ ಲೋಹದ ಸ್ಟೆಂಟ್ ಕೂರಿಸುತ್ತೇವೆ. ಎರಡು ತುತ್ತಿಗೇ ವಾಂತಿ ಮಾಡುತ್ತಿದ್ದವರು ಕೆಲವೇ ದಿನಗಳಲ್ಲಿ ಹೊಟ್ಟೆತುಂಬ ಉಣ್ಣತೊಡಗುತ್ತಾರೆ. ಹಾಗೆ ಊರಿಗೆ ಹೋದವರಲ್ಲಿ ಕೆಲವರು ತೆಗೆಸಲು ಬರುವುದೇ ಇಲ್ಲ.

ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರಿಗೆ ನಾಲ್ಕನೇ ವಾರಕ್ಕೆ ಬನ್ನಿ ಎಂದಿದ್ದೆ. ಸುಗ್ಗಿ ಅಡ್ಡ ಬಂತು. ಹನ್ನೊಂದನೇ ವಾರ ಬಂದರು, ಅದೂ ನಡುರಾತ್ರಿ ಆಂಬುಲೆನ್ಸಿನಲ್ಲಿ. ಡಾಂಬರಿನಂಥ ಕಪ್ಪು ಮಲ, ಬಿಪಿ 80. ರೇಡಿಯಾಲಜಿಯವರು ತೊಡೆಯ ರಕ್ತನಾಳದಿಂದ ಒಳಹೋಗಿ, ಹೊಟ್ಟೆಯೊಳಗೆ ರಕ್ತನಾಳ ಒಡೆದ ಜಾಗಕ್ಕೆ ಕಾಯಿಲ್, ಅಂದರೆ ತೆಳು ತಂತಿಯ ಸುರುಳಿ, ಇಟ್ಟು ರಕ್ತ ನಿಲ್ಲಿಸಿದರು. ಐಸಿಯು ಬಾಗಿಲಲ್ಲಿ ಅವರ ಹೆಂಡತಿ ಕೇಳಿದರು: "ನಮ್ಮ ಮಾವಾರ ಹಾರ್ಟಿಗಿ ಸ್ಟೆಂಟ್ ಹಾಕಿ ಹನ್ನೆರಡು ವರ್ಷ ಆತ್ರಿ. ಅದನ್ನ ಯಾರೂ ತಗಸ್ರಿ ಅಂದಿಲ್ಲ." ಆ ತಾಯಿಯ ಮಾತಿನಲ್ಲಿ ತಪ್ಪೇನಿತ್ತು? ಎರಡಕ್ಕೂ ಒಂದೇ ಹೆಸರಿಟ್ಟವರು ನಾವು.

ಮುಂದೆ ಸ್ಟೆಂಟ್ ತೆಗೆದಾಗ ಟ್ರೇಯಲ್ಲಿಟ್ಟು ಅವರಿಗೆ ತೋರಿಸಿದೆ. ಹೊಲಿಗೆ ಮಷಿನ್ನಿನ ದಾರದ ರೀಲಿನಂತೆ ನಡು ಸಪೂರ, ಎರಡು ತುದಿ ಅಗಲ. ಒಳಗೆ 15 ಮಿ.ಮೀ. ದಾರಿ. ಹೃದಯದ ಸ್ಟೆಂಟ್ ರಕ್ತನಾಳದ ಗೋಡೆಗೆ ಅಂಟಿ ಕೂರುತ್ತದೆ, ಅದರ ಮೇಲೆ ತೆಳು ಪದರ ಬೆಳೆಯುತ್ತದೆ, ಅಲ್ಲೇ ಉಳಿಯುತ್ತದೆ. ಇದು ಹಾಗಲ್ಲ. ಒಂದು ತುದಿ ಜಠರದಲ್ಲಿ, ಇನ್ನೊಂದು ದ್ರವದ ಚೀಲದಲ್ಲಿ. ಹಾಕುವ ದಿನ ಚೀಲ ತೆಂಗಿನಕಾಯಿ ಗಾತ್ರವಿದ್ದರೆ ಆ ತುದಿಗೆ ಏನೂ ತಾಗದು. ದ್ರವ ಬಸಿದಂತೆ ಚೀಲ ಕುಗ್ಗುತ್ತದೆ, ಹಿಂಬದಿಯ ಗೋಡೆ ಮುಂದೆ ಬಂದು ಲೋಹದ ಅಂಚಿಗೆ ಒತ್ತುತ್ತದೆ. ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ದೊಡ್ಡ ರಕ್ತನಾಳ ಹಾಯುವುದೂ ಅದೇ ಆಸುಪಾಸಿನಲ್ಲಿ. ದಿನವೂ ಉಜ್ಜಿದರೆ ಅದು ಸವೆದು ಒಡೆಯಬಹುದು. ಅಂದರೆ ಚಿಕಿತ್ಸೆ ಫಲಿಸಿದಷ್ಟೂ ಸ್ಟೆಂಟಿನ ಅಪಾಯ ಹೆಚ್ಚು. ನಿಮಗೆ ಆರಾಮಾಗಿದೆ ಎಂದೇ ನಾನು ಬನ್ನಿ ಎನ್ನುತ್ತಿರುವುದು!

ತಡವಾದವರೆಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಕೆಲವರಲ್ಲಿ ಜಠರದ ಒಳಪದರವೇ ಬೆಳೆದು ಸ್ಟೆಂಟನ್ನು ಮುಚ್ಚಿಬಿಡುತ್ತದೆ. ಸಲೀಸಾಗಿ ಬರಬೇಕಾದ್ದನ್ನು ಬಿಡಿಸಿ ತೆಗೆಯಬೇಕಾಗುತ್ತದೆ. ಸಾಮಾನ್ಯವಾಗಿ ಮೂರು-ನಾಲ್ಕು ವಾರಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿ, ಚೀಲ ಕುಗ್ಗಿದ್ದರೆ ತೆಗೆಯುತ್ತೇವೆ. ಬಾವಿನಿಂದ ಕೊಳೆತ ಗ್ರಂಥಿಯ ಭಾಗ ಚೀಲದಲ್ಲಿ ಇನ್ನೂ ಉಳಿದಿದ್ದರೆ ಮುಂದೂಡಲೂಬಹುದು. ಅದನ್ನು ಸ್ಕ್ಯಾನ್ ನೋಡಿದ ವೈದ್ಯರು ಹೇಳಬೇಕು, ಪಕ್ಕದ ಮನೆಯವರಲ್ಲ.

ಗ್ರಂಥಿಯ ನಾಳ ತುಂಡಾಗಿರುವವರಿಗೆ ಲೋಹದ್ದು ತೆಗೆದು, ತುದಿ ಸುರುಳಿಯಾದ ಪ್ಲಾಸ್ಟಿಕ್ ಸ್ಟೆಂಟ್ ಇಡುವುದುಂಟು. ಅದು ವರ್ಷಗಟ್ಟಲೆ ಇದ್ದರೂ ಇರಬಹುದು. ಗೊಂದಲ ಹೆಚ್ಚುವುದೂ ಇಲ್ಲೇ. ಹಾಗಾಗಿ ಡಿಸ್ಚಾರ್ಜ್ ದಿನ ಕೇಳಿಕೊಳ್ಳಿ: ಒಳಗಿರುವುದು ಲೋಹದ್ದೋ ಪ್ಲಾಸ್ಟಿಕ್ಕೋ, ತೆಗೆಸುವ ತಾರೀಖು ಯಾವುದು? ಆ ತಾರೀಖು ಇಂಗ್ಲಿಷ್ ಸಮ್ಮರಿಯ ಮೂರನೇ ಪುಟದಲ್ಲಿ ಇದ್ದರೆ ಸಾಲದು. ನಮ್ಮ ಸಿಸ್ಟರ್ ಈಗ ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿಸಿ, ಫೋಟೊ ವಾಟ್ಸಾಪ್ ಮಾಡಿಸಿಕೊಳ್ಳುತ್ತಾರೆ. ಅಷ್ಟರೊಳಗೆ ಜ್ವರ, ರಕ್ತವಾಂತಿ, ಕಪ್ಪು ಮಲ ಕಂಡರೆ ತಾರೀಖಿಗೆ ಕಾಯದೆ, ರಾತ್ರಿಯಾದರೂ ಸರಿ, ಹೊರಟು ಬನ್ನಿ.